ಮನೆ ಕೆಲಸದ ಟ್ಯಾಕ್ಸ್ ಕ್ರೆಡಿಟ್: ಯೋಜನೆ ಮುಗಿದ ಮೇಲೂ ದುಡ್ಡು ಕೇಳುವುದು ಹೇಗೆ

ಕೆಟ್ಟ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಮನೆಗೆ ಇನ್ಸುಲೇಷನ್ (ಶಾಖ ತಡೆಯುವ ಹೊದಿಕೆ), ಕಿಟಕಿ, ಹೀಟ್ ಪಂಪ್ (ಕರೆಂಟ್‌ನಲ್ಲಿ ಮನೆ ಬಿಸಿ, ತಂಪು ಮಾಡುವ ಯಂತ್ರ), ಸೋಲಾರ್ ಹಾಕಿಸಿದವರಿಗೆ ಫೆಡರಲ್ ಸರ್ಕಾರ ಕೊಡುತ್ತಿದ್ದ ಟ್ಯಾಕ್ಸ್ ಕ್ರೆಡಿಟ್, ಅಂದರೆ ಕಟ್ಟಬೇಕಾದ ಟ್ಯಾಕ್ಸ್‌ನಲ್ಲೇ ಸಿಗುವ ಕಡಿತ, 2025ರ ಡಿಸೆಂಬರ್ 31ಕ್ಕೆ ಮುಗಿಯಿತು. 2022ರ ಇನ್‌ಫ್ಲೇಷನ್ ರಿಡಕ್ಷನ್ ಆಕ್ಟ್ ಪ್ರಕಾರ ಅದು 2032ರವರೆಗಾದರೂ ಇರಬೇಕಿತ್ತು. 2025ರ ಜುಲೈ 4ರಂದು ಸಹಿ ಬಿದ್ದ ಹೊಸ ಕಾನೂನು ಅದನ್ನು ಮಧ್ಯದಲ್ಲೇ ನಿಲ್ಲಿಸಿತು.

ಆದರೆ ಅಷ್ಟರೊಳಗೆ ಕೆಲಸ ಮುಗಿಸಿದವರ ಹಕ್ಕು ಎಲ್ಲೂ ಹೋಗಿಲ್ಲ. 2025ರ ಕೆಲಸಕ್ಕೆ 2025ರ ರಿಟರ್ನ್‌ನಲ್ಲಿ ಕೇಳಬೇಕು. 2023, 2024ರಲ್ಲಿ ಮಾಡಿಸಿ ಸುಮ್ನೆ ಬಿಟ್ಟವರಿಗೂ ದಾರಿ ಇದೆ.

ನಾನು ಮಿಷಿಗನ್‌ನಲ್ಲಿರುವವಳು. ಸಿಪಿಎ (ಲೈಸೆನ್ಸ್ ಇರುವ ಅಕೌಂಟೆಂಟ್) ಅಲ್ಲ, ಲೆಕ್ಕದ ಹುಚ್ಚು ಇರುವವಳು ಅಷ್ಟೆ. ಟ್ಯಾಕ್ಸ್ ಸೀಸನ್ ಬಂತೆಂದರೆ ಕನ್ನಡ ಕೂಟದ ಗೆಳೆಯರು ಬಿಲ್ಲಿನ ಕಟ್ಟು ಹಿಡಿದು ನಮ್ಮ ಮನೆಗೆ ಬರುತ್ತಾರೆ. ಬಂದವರೆಲ್ಲ ಹೇಳುವುದು ಒಂದೇ: "ಸೇಲ್ಸ್‌ನವನು 30 ಪರ್ಸೆಂಟ್ ವಾಪಸ್ ಬರುತ್ತೆ ಅಂದ." ಅವನು ಹೇಳಿದ್ದು ಸುಳ್ಳಲ್ಲ. ಆದರೆ ಯಾವುದರ ಮೇಲೆ 30, ಎಲ್ಲಿಯವರೆಗೆ 30 ಅನ್ನುವುದನ್ನು ಅವನು ಹೇಳಿರುವುದಿಲ್ಲ.

ಇದರಲ್ಲಿ ಎರಡು ಬೇರೆ ಬೇರೆ ಕ್ರೆಡಿಟ್‌ಗಳಿವೆ. ಎರಡಕ್ಕೂ ಫಾರ್ಮ್ 5695 ಒಂದೇ. ಸೋಲಾರ್ ಪ್ಯಾನೆಲ್, ಕನಿಷ್ಠ 3 ಕಿಲೋವ್ಯಾಟ್‌ಅವರ್ ಬ್ಯಾಟರಿ, ಜಿಯೋಥರ್ಮಲ್ ಇವೆಲ್ಲ ಪಾರ್ಟ್ 1. ಅಲ್ಲಿ 30 ಅಂದರೆ 30, ಮೇಲ್ಮಿತಿ ಇಲ್ಲ, ಕೂಲಿಯೂ ಸೇರುತ್ತದೆ. ಇನ್ಸುಲೇಷನ್, ಕಿಟಕಿ, ಬಾಗಿಲು, ಹೀಟ್ ಪಂಪ್, ಎನರ್ಜಿ ಆಡಿಟ್ (ಮನೆಯಲ್ಲಿ ಶಕ್ತಿ ಎಲ್ಲಿ ಪೋಲಾಗುತ್ತದೆ ಎಂಬ ತಪಾಸಣೆ) ಇವು ಪಾರ್ಟ್ 2. ಗೊಂದಲವೆಲ್ಲ ಈ ಎರಡನೆಯದರಲ್ಲೇ.

ಪಾರ್ಟ್ 2ರಲ್ಲಿ ವರ್ಷಕ್ಕೆ ಎರಡು ಮಿತಿಗಳಿವೆ. ಹೀಟ್ ಪಂಪ್, ಹೀಟ್ ಪಂಪ್ ವಾಟರ್ ಹೀಟರ್, ಕಟ್ಟಿಗೆ ಉರಿಸುವ ಬಯೋಮಾಸ್ ಸ್ಟೌ ಇವಕ್ಕೆ ಒಟ್ಟು 2,000 ಡಾಲರ್. ಉಳಿದದ್ದಕ್ಕೆಲ್ಲ ಸೇರಿ 1,200. ಆ 1,200ರ ಒಳಗೂ ಮತ್ತೆ ಮಿತಿಗಳು: ಕಿಟಕಿಗಳೆಲ್ಲ ಸೇರಿ 600, ಒಂದು ಬಾಗಿಲಿಗೆ 250, ಎಲ್ಲ ಬಾಗಿಲಿಗೂ ಸೇರಿ 500, ಆಡಿಟ್‌ಗೆ 150, ಸೆಂಟ್ರಲ್ ಎಸಿ ಅಥವಾ ಗ್ಯಾಸ್ ಫರ್ನೇಸ್‌ಗೆ ತಲಾ 600. ಹೀಗಾಗಿ ಒಂದು ವರ್ಷಕ್ಕೆ ಜಾಸ್ತಿ ಅಂದರೆ 3,200. ಒಳ್ಳೆಯ ಸಂಗತಿ ಏನೆಂದರೆ ಇದು ಜೀವಮಾನದ ಮಿತಿ ಅಲ್ಲ. 2024ರಲ್ಲಿ ಕಿಟಕಿ, 2025ರಲ್ಲಿ ಹೀಟ್ ಪಂಪ್ ಮಾಡಿಸಿದ್ದರೆ ಎರಡು ವರ್ಷಕ್ಕೂ ಬೇರೆ ಬೇರೆ ಲೆಕ್ಕ.

ನಮ್ಮ ಮನೆಯ 2025ರ ಲೆಕ್ಕವನ್ನೇ ಹೇಳುತ್ತೇನೆ, ಇದು ಕಣ್ಣಿಗೆ ಕಂಡಂತೆ ಆಗುತ್ತದೆ. ಆಡಿಟ್‌ಗೆ 300 ಡಾಲರ್ ಕೊಟ್ಟೆವು. ಅಟ್ಟದ ಇನ್ಸುಲೇಷನ್‌ಗೆ 3,200. ಮುಂಬಾಗಿಲಿಗೆ 1,400, ಕೂರಿಸಿದ್ದಕ್ಕೆ 350. ಹೀಟ್ ಪಂಪ್ ವಾಟರ್ ಹೀಟರ್‌ಗೆ ಕೂಲಿ ಸೇರಿ 4,200. ಒಟ್ಟು 9,450. ಸೇಲ್ಸ್‌ನವನ ಲೆಕ್ಕದಲ್ಲಿ 2,835 ಬರಬೇಕು.

ಫಾರ್ಮ್ ಹೇಳುವುದೇ ಬೇರೆ. ಇನ್ಸುಲೇಷನ್, ಕಿಟಕಿ, ಬಾಗಿಲು ಇವುಗಳಲ್ಲಿ ಸಾಮಾನಿನ ಬೆಲೆ ಮಾತ್ರ ಲೆಕ್ಕಕ್ಕೆ, ಕೂಲಿ ಇಲ್ಲ. ನಮ್ಮ ಅಟ್ಟದ ಬಿಲ್ಲಿನಲ್ಲಿ ಸಾಮಾನು 1,900, ಕೂಲಿ 1,300. ಹಾಗಾಗಿ 1,900ರ ಶೇ. 30, ಅಂದರೆ 570. ಬಾಗಿಲು 1,400ರ ಶೇ. 30 ಎಂದರೆ 420, ಆದರೆ ಮಿತಿ 250. ಆಡಿಟ್‌ಗೆ 90. ಈ ಮೂರೂ ಸೇರಿ 910, ಅಂದರೆ 1,200ರ ಒಳಗೇ ಇದೆ. ವಾಟರ್ ಹೀಟರ್‌ಗೆ ಕೂಲಿ ಸೇರಿಸಬಹುದು, ಆದರೆ ಕರೆಂಟ್ ಕಂಪನಿ ಕೊಟ್ಟ 700 ರಿಬೇಟ್ ಮೊದಲು ಕಳೆಯಬೇಕು. 3,500ರ ಶೇ. 30, ಅಂದರೆ 1,050. ಎಲ್ಲ ಸೇರಿ 1,960. ಕಡಿಮೆಯೇನಲ್ಲ, ಆದರೆ 2,835 ಅಲ್ಲ.

ಆದ್ದರಿಂದ ಮೊದಲ ಕೆಲಸ, ಬಿಲ್ ಬಿಡಿಸಿ ಕೊಡಿ ಎಂದು ಕಂಟ್ರಾಕ್ಟರ್‌ಗೆ ಹೇಳುವುದು. "ಅಟ್ಟದ ಕೆಲಸ, ಒಟ್ಟು ಇಷ್ಟು" ಎಂದು ಒಂದೇ ಸಾಲು ಬರೆದ ಬಿಲ್ ಇದ್ದರೆ ಸಾಮಾನು ಎಷ್ಟು, ಕೂಲಿ ಎಷ್ಟು ಎಂದು ಬೇರೆ ಮಾಡಿಸಿಕೊಳ್ಳಿ. ಕೆಲಸ ಮುಗಿದು ತಿಂಗಳುಗಳಾಗಿದ್ದರೂ ಈಮೇಲ್ ಮಾಡಿ ಕೇಳಿ. ಸಾಮಾನ್ಯವಾಗಿ ಕೊಡುತ್ತಾರೆ. ಕೊಡದಿದ್ದರೆ ಎರಡನೇ ಸಲ, ಮೂರನೇ ಸಲ ಕೇಳಿ. ನಮ್ಮವರಿಗೆ ಇಲ್ಲೇ ಸಂಕೋಚ ಜಾಸ್ತಿ.

ಎರಡನೆಯದು ತಾರೀಖು. ದುಡ್ಡು ಕೊಟ್ಟ ದಿನ ಮುಖ್ಯವಲ್ಲ, ಕೆಲಸ ಪೂರ್ತಿಯಾದ ದಿನ ಮುಖ್ಯ. ನಮ್ಮ ಪರಿಚಯದವರೊಬ್ಬರು 2025ರ ಡಿಸೆಂಬರ್‌ನಲ್ಲೇ ಹೀಟ್ ಪಂಪ್‌ಗೆ ಪೂರ್ತಿ ಹಣ ಕಟ್ಟಿದರು. ಕಂಟ್ರಾಕ್ಟರ್ ಬಂದು ಯೂನಿಟ್ ಕೂರಿಸಿದ್ದು ಜನವರಿಯಲ್ಲಿ. ಅವರಿಗೆ ಒಂದು ಡಾಲರೂ ಇಲ್ಲ. ಸೋಲಾರ್‌ಗೂ ಇದೇ ನಿಯಮ. ಡಿಸೆಂಬರ್ ಕೊನೆಯಲ್ಲಿ ಮುಗಿದ ಕೆಲಸವಾದರೆ ಕೂರಿಸಿದ ತಾರೀಖು ಇರುವ ಕಾಗದ, ಪರ್ಮಿಟ್ ಇನ್‌ಸ್ಪೆಕ್ಷನ್ ರಿಪೋರ್ಟ್ ಜೋಪಾನವಾಗಿಡಿ.

ಮೂರನೆಯದು ತಯಾರಕರ ಕೋಡ್. ಇದು 2025ಕ್ಕೆ ಹೊಸದಾಗಿ ಬಂದದ್ದು. ಕಿಟಕಿ, ಬಾಗಿಲು, ಹೀಟ್ ಪಂಪ್, ವಾಟರ್ ಹೀಟರ್ ಇಂಥವುಗಳಿಗೆ ತಯಾರಕ ಕಂಪನಿಯ ನಾಲ್ಕು ಅಕ್ಷರದ ಕ್ಯೂಎಂ ಕೋಡ್ ಫಾರ್ಮ್‌ನಲ್ಲಿ ಬರೆಯಬೇಕು. ಕಂಪನಿಯ ವೆಬ್‌ಸೈಟ್‌ನಲ್ಲಿ ಹುಡುಕಿ, ಇಲ್ಲವೇ ಕಂಟ್ರಾಕ್ಟರ್‌ನ ಕೇಳಿ. ಇನ್ಸುಲೇಷನ್‌ಗೆ ಇದು ಬೇಡ. ಜೊತೆಗೆ ವಸ್ತುವಿನ ದರ್ಜೆಯೂ ಹೊಂದಬೇಕು. ಕಿಟಕಿಯಾದರೆ ಬರೀ ಎನರ್ಜಿ ಸ್ಟಾರ್ (ಕಡಿಮೆ ಶಕ್ತಿ ಬಳಸುವ ವಸ್ತುಗಳಿಗೆ ಕೊಡುವ ಸರ್ಕಾರಿ ಗುರುತು) ಸಾಲದು, 'ಎನರ್ಜಿ ಸ್ಟಾರ್ ಮೋಸ್ಟ್ ಎಫಿಶಿಯೆಂಟ್' ಪಟ್ಟಿಯಲ್ಲಿರಬೇಕು. ಆಡಿಟ್ ಮಾಡಿದವರು ಸರ್ಟಿಫಿಕೇಟ್ ಇರುವವರೇ ಆಗಿರಬೇಕು, ಬರಹದಲ್ಲಿ ರಿಪೋರ್ಟ್ ಕೊಟ್ಟಿರಬೇಕು. ಈ ಕಾಗದಗಳನ್ನೆಲ್ಲ ರಿಟರ್ನ್ ಜೊತೆ ಕಳಿಸುವುದು ಬೇಡ. ಐಆರ್‌ಎಸ್ (ಅಮೆರಿಕದ ಟ್ಯಾಕ್ಸ್ ಇಲಾಖೆ) ಕೇಳಿದಾಗ ತೋರಿಸಲು ಇರಬೇಕು ಅಷ್ಟೆ.

ಇನ್ನು ಜನ ತಲೆ ಕೆಡಿಸಿಕೊಳ್ಳುವ ವಿಷಯ. "ನಮಗೆ ರಿಫಂಡ್ ಬರುತ್ತೆ, ಟ್ಯಾಕ್ಸ್ ಕಟ್ಟೋದೇ ಇಲ್ಲ, ಇನ್ನು ಕ್ರೆಡಿಟ್ ಎಲ್ಲಿಂದ ಬರುತ್ತೆ?" ಎಂದು ಕೇಳುತ್ತಾರೆ. ರಿಫಂಡ್ ಬರುವುದು ಸಂಬಳದಲ್ಲಿ ಮೊದಲೇ ಹಿಡಿದುಕೊಂಡ ಹಣದಿಂದ. ನೋಡಬೇಕಾದ್ದು ಫಾರ್ಮ್ 1040ರ (ಅದೇ ವಾರ್ಷಿಕ ರಿಟರ್ನ್) 18ನೇ ಸಾಲು. ವರ್ಷದ ಟ್ಯಾಕ್ಸ್ ಎಷ್ಟು ಅನ್ನುವುದು ಅಲ್ಲಿರುತ್ತದೆ. ಕ್ರೆಡಿಟ್ ಆ ಮೊತ್ತವನ್ನು ಸೊನ್ನೆಯವರೆಗೆ ಇಳಿಸಬಹುದು, ಅದಕ್ಕಿಂತ ಕೆಳಗೆ ಇಲ್ಲ. ಡೇಕೇರ್ ಕ್ರೆಡಿಟ್‌ನಂಥ ಕೆಲವು ಇದಕ್ಕಿಂತ ಮೊದಲೇ ಆ ಮೊತ್ತದಲ್ಲಿ ಕಳೆದುಹೋಗುತ್ತವೆ. ಪಾರ್ಟ್ 2ರ ಕ್ರೆಡಿಟ್‌ನಲ್ಲಿ ಬಳಸಲಾಗದೆ ಉಳಿದದ್ದು ಹೋದ ಹಾಗೆಯೇ. ಪಾರ್ಟ್ 1ರ ಸೋಲಾರ್ ಕ್ರೆಡಿಟ್ ಮಾತ್ರ ಮುಂದಿನ ವರ್ಷಕ್ಕೆ ಒಯ್ಯಬಹುದು. ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚು ಬಿಡಿಬಿಡಿಯಾಗಿ ತೋರಿಸದೆ ಸಿಗುವ ನಿಗದಿತ ವಿನಾಯಿತಿ) ತೆಗೆದುಕೊಳ್ಳುವವರಿಗೂ ಎರಡೂ ಸಿಗುತ್ತವೆ. ಇದು ಡಿಡಕ್ಷನ್ ಅಲ್ಲ, ನೇರವಾಗಿ ಟ್ಯಾಕ್ಸ್‌ನಲ್ಲೇ ಕಡಿತ.

ಫಾರ್ಮ್ 5695 ತುಂಬಿದ ಮೇಲೆ ಬರುವ ಮೊತ್ತ ಷೆಡ್ಯೂಲ್ 3ಕ್ಕೆ (1040ರ ಲಗತ್ತು) ಹೋಗುತ್ತದೆ: ಸೋಲಾರ್‌ನದ್ದು 5ಎ ಸಾಲು, ಉಳಿದದ್ದು 5ಬಿ. ಸಾಫ್ಟ್‌ವೇರ್ ಬಳಸುವವರೂ ಕೊನೆಯಲ್ಲಿ ಆ ಎರಡು ಸಾಲು ತೆರೆದು ನೋಡಿ.

ಹಳೆಯ ವರ್ಷಗಳಿಗೆ 1040-ಎಕ್ಸ್ (ತಿದ್ದುಪಡಿ ರಿಟರ್ನ್) ತುಂಬಿ, ಆ ವರ್ಷದ ಫಾರ್ಮ್ 5695 ಲಗತ್ತಿಸಬೇಕು. ರಿಟರ್ನ್ ಸಲ್ಲಿಸಿದ ಮೇಲೆ ಮೂರು ವರ್ಷ ಗಡುವು ಇರುತ್ತದೆ. 2023ರ ರಿಟರ್ನ್‌ನ್ನು ಸಕಾಲಕ್ಕೆ ಹಾಕಿದವರಿಗೆ ಅದು 2027ರ ಏಪ್ರಿಲ್ 15. ಕ್ಯೂಎಂ ಕೋಡ್‌ನ ರಗಳೆ ಆ ವರ್ಷಗಳಿಗಿಲ್ಲ.

ಯಾರಿಗೆ ಸಿಗುವುದಿಲ್ಲ? ಬಾಡಿಗೆಗೆ ಕೊಟ್ಟು ತಾವು ಇರದ ಮನೆಗೆ ಇಲ್ಲ. ಹೊಸದಾಗಿ ಕಟ್ಟಿದ ಮನೆಗೆ ಪಾರ್ಟ್ 2 ಇಲ್ಲ, ಸೋಲಾರ್ ಇದೆ. ಸೋಲಾರ್ ಪ್ಯಾನೆಲ್ ಲೀಸ್‌ಗೆ ಪಡೆದವರಿಗೆ ಇಲ್ಲ, ಏಕೆಂದರೆ ಪ್ಯಾನೆಲ್ ಕಂಪನಿಯದ್ದು. ಸಾಲ ಮಾಡಿ ಕೊಂಡವರಿಗೆ ಇದೆ, ಬಡ್ಡಿ ಮಾತ್ರ ಸೇರುವುದಿಲ್ಲ. ಸೋಲಾರ್ ಹಾಕಿಸುವಾಗ ಜೊತೆಗೇ ಮಾಡಿಸಿದ ಮಾಮೂಲಿ ರೂಫ್ ಸೇರುವುದಿಲ್ಲ. ಮತ್ತೆ ಮನೆ ಅಮೆರಿಕದಲ್ಲೇ ಇರಬೇಕು. ಮೈಸೂರಿನ ತಾರಸಿ ಮೇಲೆ ಹಾಕಿಸಿದ ಸೋಲಾರ್ ಹೀಟರ್ ಬಿಲ್ ತಂದವರೂ ಇದ್ದಾರೆ. ನಗು ಬಂತು, ಆದರೆ ಕೇಳಿದ್ದೇ ಒಳ್ಳೆಯದಾಯಿತು ಅಲ್ವಾ.

2026ರಲ್ಲಿ ಹೊಸದಾಗಿ ಮಾಡಿಸುವವರು ನೋಡಬೇಕಾದ್ದು ರಾಜ್ಯದ ರಿಬೇಟ್. ಅದೇ 2022ರ ಕಾನೂನು ರಾಜ್ಯಗಳಿಗೆ ಕೊಟ್ಟ ಹಣದಲ್ಲಿ ನಡೆಯುವ ಯೋಜನೆ ಇದು. ಹೀಟ್ ಪಂಪ್‌ಗೆ 8,000, ಹೀಟ್ ಪಂಪ್ ವಾಟರ್ ಹೀಟರ್‌ಗೆ 1,750, ಇನ್ಸುಲೇಷನ್‌ಗೆ 1,600 ಡಾಲರ್‌ವರೆಗೆ ಸಿಗಬಹುದು. ಆದರೆ ಮನೆಯ ಆದಾಯ ನಿಮ್ಮ ಪ್ರದೇಶದ ಮಧ್ಯಮ ಆದಾಯದ ಶೇ. 150ಕ್ಕಿಂತ ಕಡಿಮೆ ಇರಬೇಕು. ಐಟಿಯಲ್ಲಿ ಇಬ್ಬರೂ ದುಡಿಯುವ ಮನೆಗಳು ಬಹಳಷ್ಟು ಸಲ ಇಲ್ಲೇ ಹೊರಗುಳಿಯುತ್ತವೆ. ಯೋಜನೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆದ್ದರಿಂದ ಕೆಲಸಕ್ಕೆ ಅಡ್ವಾನ್ಸ್ ಕೊಡುವ ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪಡೆಯಿರಿ. ಕರೆಂಟ್ ಮತ್ತು ಗ್ಯಾಸ್ ಕಂಪನಿಗಳ ರಿಬೇಟ್‌ಗೆ ಸಾಮಾನ್ಯವಾಗಿ ಆದಾಯದ ಮಿತಿ ಇರುವುದಿಲ್ಲ, ಅದನ್ನೂ ವಿಚಾರಿಸಿ.

ಕೊನೆಗೆ ಫೈಲ್ ವಿಷಯ. ಈ ಕ್ರೆಡಿಟ್ ಪಡೆದರೆ ಮನೆಯ ಬೇಸಿಸ್‌ನಲ್ಲಿ (ಮಾರುವಾಗ ಲಾಭ ಲೆಕ್ಕ ಹಾಕಲು ಹಿಡಿಯುವ ಮನೆಯ ಒಟ್ಟು ಖರ್ಚು) ಅಷ್ಟು ಕಡಿಮೆಯಾಗುತ್ತದೆ. ಅಂದರೆ ಮನೆ ಮಾರುವಾಗ ನಮ್ಮ ಅಟ್ಟದ 3,200 ಡಾಲರನ್ನು ಮನೆಯ ಖರ್ಚಿಗೆ ಸೇರಿಸುವಾಗ 570 ಕಳೆದು 2,630 ಎಂದೇ ಬರೆಯಬೇಕು. ಅದಕ್ಕೇ ಬಿಲ್, ಫಾರ್ಮ್ 5695ರ ಪ್ರತಿ, ರಿಬೇಟ್ ಪತ್ರ ಮೂರನ್ನೂ ಒಂದೇ ಕವರ್‌ನಲ್ಲಿ ಹಾಕಿ, ಮನೆ ಕೊಂಡಾಗಿನ ಕ್ಲೋಸಿಂಗ್ ಪೇಪರ್ ಜೊತೆ ಇಡಿ. ಮನೆ ಮಾರಿದ ವರ್ಷದ ರಿಟರ್ನ್ ಹಾಕಿ ಮೂರು ವರ್ಷ ಕಳೆಯುವವರೆಗೂ ಅದನ್ನು ಎಸೆಯಬೇಡಿ.