ಅರ್ಜಿ ಪೆಟ್ಟಿಗೆ ತೆಗೆದು ಕ್ಯೂಆರ್ ಹಾಕಿದ್ದು

ತುಮಕೂರಿನ ಕೈಗಾರಿಕಾ ಪ್ರದೇಶಗಳಾದ ವಸಂತನರಸಾಪುರದಲ್ಲಾಗಲಿ ಅಂತರಸನಹಳ್ಳಿಯಲ್ಲಾಗಲಿ, ಕಾರ್ಖಾನೆ ಗೇಟಿನ ಸೆಕ್ಯುರಿಟಿ ಮೇಜಿನ ಮೇಲೆ ಬಯೋಡೇಟಾಗಳ ಕಟ್ಟು ಕಾಣುವುದು ಹೊಸದೇನಲ್ಲ. ನಾನು ಎಚ್‌ಆರ್ ನೋಡಿಕೊಳ್ಳುವ ಬಿಡಿಭಾಗಗಳ ಘಟಕದಲ್ಲೂ ಹಾಗೇ ಇತ್ತು. ನಾಲ್ಕು ಪುಟದ ಅರ್ಜಿ, ಅಂಟಿಸಿದ ಫೋಟೊ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಐಟಿಐ ಸರ್ಟಿಫಿಕೇಟ್, ಆಧಾರ್ ಜೆರಾಕ್ಸ್, ಎಲ್ಲಕ್ಕೂ ಸೇರಿ ಒಂದು ಸ್ಟೇಪ್ಲರ್ ಪಿನ್ನು. ಆನ್‌ಲೈನ್‌ಗೆ ಹೋಗುವಾಗ ಆ ನಾಲ್ಕು ಪುಟವನ್ನು ಹಾಗೇ ಪರದೆಗೆ ಇಳಿಸುವುದು ಮೊದಲ ತಪ್ಪು. ನಾವೂ ಅದನ್ನೇ ಮಾಡಿದೆವು, ಅರ್ಧಕ್ಕೇ ಬಿಟ್ಟು ಹೋದರು.

ಕಾಗದದ ಅರ್ಜಿ ಅಷ್ಟುದ್ದ ಇದ್ದದ್ದಕ್ಕೆ ಕಾರಣವಿತ್ತು. ಹುಡುಗ ಶಿರಾದಿಂದ ಬಸ್ಸು ಹತ್ತಿ ಬಂದಿದ್ದಾನೆ, ಮತ್ತೆ ಯಾವಾಗ ಕೈಗೆ ಸಿಗುತ್ತಾನೋ, ಎದುರಿಗಿದ್ದಾಗಲೇ ಎಲ್ಲ ಕೇಳಿಬಿಡೋಣ ಎಂದು. ಮೊಬೈಲ್ ನಂಬರ್ ಕೈಯಲ್ಲಿದ್ದರೆ ಆ ಅವಸರ ಬೇಕಿಲ್ಲ. ಹಾಗಾಗಿ ಅರ್ಜಿಯನ್ನು ಎರಡು ತುಂಡು ಮಾಡಿದೆವು. ಮೊದಲನೆಯದು ಚಿಕ್ಕದು, ಯಾರು ಬೇಕಾದರೂ ತುಂಬಬಹುದು, ಒಂದೂ ದಾಖಲೆ ಕೇಳುವುದಿಲ್ಲ. ಎರಡನೆಯದು ಸಂದರ್ಶನದಲ್ಲಿ ಆಯ್ಕೆಯಾದವರಿಗೆ ಮಾತ್ರ.

ಬಳಸಿದ್ದು ಗೂಗಲ್ ಫಾರ್ಮ್ಸ್. ದುಡ್ಡು ಕೊಟ್ಟು ತರಿಸುವ ಸಾಫ್ಟ್‌ವೇರ್ ಬೇಡವೆಂದಲ್ಲ, ಆದರೆ ಏನು ಕೇಳಬೇಕು ಎಂಬುದು ಮೊದಲು ಗಟ್ಟಿಯಾಗಬೇಕು, ಅದಕ್ಕೆ ಇಷ್ಟು ಸಾಕು. ಚಿಕ್ಕ ಅರ್ಜಿಯಲ್ಲಿ ಫೈಲ್ ಕೇಳದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಫೈಲ್ ಹಾಕುವ ಒಂದು ಪ್ರಶ್ನೆ ಸೇರಿಸಿದರೂ ಸಾಕು, ಗೂಗಲ್ ಖಾತೆಗೆ ಲಾಗಿನ್ ಆಗಿ ಎನ್ನುತ್ತದೆ. 'ಒಬ್ಬರಿಗೆ ಒಂದೇ ಸಲ' ಎಂಬ ಸೆಟ್ಟಿಂಗ್ ಹಾಕಿದರೂ ಅಷ್ಟೇ. ಅಣ್ಣನ ಫೋನಿನಲ್ಲಿ ತುಂಬುವ ತಂಗಿ ಅಲ್ಲಿಗೇ ನಿಲ್ಲುತ್ತಾಳೆ.

ಈಗ ಪ್ರಶ್ನೆಗಳು. ಹೆಸರಿಗೆ ಒಂದೇ ಖಾನೆ. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ ಇಟ್ಟರೆ ನಮ್ಮ ಕಡೆ ಕೆಡುತ್ತದೆ, ಕೊನೆಯ ಹೆಸರು ಎಂಬುದು ಅರ್ಧ ಜನಕ್ಕೆ ಇಲ್ಲವೇ ಇಲ್ಲ. ಅಂಕಪಟ್ಟಿಯಲ್ಲಿ 'ಮಂಜುನಾಥ ಆರ್', ಆಧಾರ್‌ನಲ್ಲಿ 'ಮಂಜುನಾಥ್', ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿರುವುದು, ಇವೆಲ್ಲ ಒಬ್ಬನವೇ. ನಾವು 'ಆಧಾರ್‌ನಲ್ಲಿ ಇರುವಂತೆ, ಇಂಗ್ಲಿಷ್ ಅಕ್ಷರಗಳಲ್ಲಿ' ಎಂದು ಬರೆದೆವು. ಮುಂದೆ ಪಿಎಫ್ ಯುಎಎನ್‌ಗೆ (ಕೆಲಸ ಬದಲಾದರೂ ಒಂದೇ ಆಗಿರುವ ಪಿಎಫ್ ನಂಬರಿಗೆ) ಆಧಾರ್ ಜೋಡಿಸುವಾಗ ಹೆಸರು, ಹುಟ್ಟಿದ ದಿನ, ಲಿಂಗ ಮೂರೂ ತಾಳೆಯಾಗಬೇಕು, ಅಂಕಪಟ್ಟಿಯ ಹೆಸರು ಅಲ್ಲಿ ಕೆಲಸಕ್ಕೆ ಬಾರದು. ಪ್ರಶ್ನೆ ಮಾತ್ರ ಕನ್ನಡದಲ್ಲೇ. ಒಂದು ಎಚ್ಚರಿಕೆ: ಆಫೀಸಿನ ಹಳೇ ಅರ್ಜಿ 'ನುಡಿ' ತಂತ್ರಾಂಶದಲ್ಲಿ, ಯುನಿಕೋಡ್ (ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪಾಗಿದ್ದರೆ ಅದನ್ನು ಕಾಪಿ ಮಾಡಿ ಫಾರ್ಮಿಗೆ ಅಂಟಿಸಬೇಡಿ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬೀಳುತ್ತವೆ. ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಇಲ್ಲವೇ ಹೊಸದಾಗಿ ಟೈಪ್ ಮಾಡಿ.

ಹುಟ್ಟಿದ ದಿನಕ್ಕೆ ಕ್ಯಾಲೆಂಡರ್ ಇಡಬೇಡಿ. ಫೋನಿನಲ್ಲಿ ಅದು ಇವತ್ತಿನ ತಾರೀಖಿನಿಂದ ತೆರೆದುಕೊಳ್ಳುತ್ತದೆ. ವರ್ಷದ ಮೇಲೆ ಒತ್ತಿದರೆ ವರ್ಷಗಳ ಪಟ್ಟಿ ಬರುತ್ತದೆಂದು ಗೊತ್ತಿಲ್ಲದವರು ತಿಂಗಳು ತಿಂಗಳಾಗಿ ಹಿಂದಕ್ಕೆ ಹೋಗಿ ಸುಸ್ತಾಗಿ ಈ ವರ್ಷವನ್ನೇ ಉಳಿಸಿಬಿಡುತ್ತಾರೆ. ದಿನ, ತಿಂಗಳು, ವರ್ಷ ಎಂದು, ಒತ್ತಿದರೆ ಪಟ್ಟಿ ತೆರೆದುಕೊಳ್ಳುವ ಮೂರು ಡ್ರಾಪ್‌ಡೌನ್ ಇಟ್ಟೆವು. ತಿಂಗಳನ್ನು ಅಂಕೆಯಲ್ಲಲ್ಲ, ಹೆಸರಿನಲ್ಲಿ. ಇದರಿಂದ 05/08 ಎಂಬುದು ಆಗಸ್ಟ್ 5ರೋ ಮೇ 8ರೋ ಎಂಬ ಗೊಂದಲವೂ ಹೋಯಿತು. ಉತ್ತರಗಳು ಬಂದು ಬೀಳುವ ಗೂಗಲ್ ಶೀಟಿನ ಲೊಕೇಲ್ (ಯಾವ ದೇಶದ ಪದ್ಧತಿ ಎಂಬ ಸೆಟ್ಟಿಂಗ್) ಅಮೆರಿಕ ಎಂದಿದ್ದರೆ ಅದು ಮೇ ಎಂದೇ ಓದಿಕೊಳ್ಳುತ್ತದೆ, ಸೆಟ್ಟಿಂಗ್ಸ್‌ಗೆ ಹೋಗಿ ಭಾರತ ಎಂದು ಮಾಡಿಡಿ. ವರ್ಷದ ಪಟ್ಟಿಯನ್ನು 18 ತುಂಬುವ ವರ್ಷಕ್ಕೆ ನಿಲ್ಲಿಸಿ, ಪ್ರತಿ ಜನವರಿಗೆ ಒಂದು ವರ್ಷ ಸೇರಿಸಬೇಕು. ಮರೆತರೆ ಆಗ ತಾನೇ 18 ತುಂಬಿದವರು ಅರ್ಜಿಯನ್ನೇ ಹಾಕಲಾರರು.

ಮೊಬೈಲ್ ನಂಬರಿಗೆ ನಿಯಮ ಹಾಕಲೇಬೇಕು: 6, 7, 8, 9ರಲ್ಲಿ ಒಂದರಿಂದ ಶುರು, ಒಟ್ಟು 10 ಅಂಕೆ. ಮುಂದೆ +91 ಅಥವಾ ಸೊನ್ನೆ ಹಾಕಿದರೆ, ನಡುವೆ ಜಾಗ ಬಿಟ್ಟರೆ ತಪ್ಪು ಎನ್ನುತ್ತದೆ, ತಪ್ಪೇನೆಂದು ಕನ್ನಡದಲ್ಲಿ ಹೇಳುವ ಸಾಲನ್ನು ನಾವೇ ಬರೆದಿಡಬೇಕು. ಕನ್ನಡ ಕೀಲಿಮಣೆಯಲ್ಲಿ ಇದ್ದವರು ೯೮ ಎಂದು ಕನ್ನಡ ಅಂಕೆ ಹಾಕಿ, ಸರಿಯಾಗಿಯೇ ಇದೆಯಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. 'ಇಂಗ್ಲಿಷ್ ಅಂಕೆಯಲ್ಲಿ' ಎಂದು ಸೇರಿಸಿದ ಮೇಲೆ ಅದು ನಿಂತಿತು. ಎರಡನೆಯ ನಂಬರೂ ಕೇಳಿ, 'ಮನೆಯವರದ್ದು' ಎಂದು ಬರೆದು. ಸಿಮ್ ಬದಲಾಗುವುದು ನೀವು ಎಣಿಸಿದ್ದಕ್ಕಿಂತ ಹೆಚ್ಚು.

ತಾಲ್ಲೂಕನ್ನು ಬರೆಯಲು ಬಿಟ್ಟರೆ ತುಮಕೂರು ಒಂದಕ್ಕೇ ನಾಲ್ಕು ಕಾಗುಣಿತ ಬರುತ್ತದೆ, ಲೆಕ್ಕ ಹಾಕುವಾಗ ನಾಲ್ಕು ಊರಾಗುತ್ತದೆ. ಜಿಲ್ಲೆಯ ಹತ್ತು ತಾಲ್ಲೂಕು, ಜೊತೆಗೆ 'ಹಿಂದೂಪುರ, ಮಡಕಶಿರಾ ಕಡೆ', 'ಬೇರೆ ಜಿಲ್ಲೆ' ಎಂದು ಡ್ರಾಪ್‌ಡೌನ್ ಕೊಟ್ಟೆವು. ಅದಕ್ಕಿಂತ ಉಪಯೋಗಕ್ಕೆ ಬಂದದ್ದು 'ಶಿಫ್ಟ್ ಬಸ್ ಎಲ್ಲಿ ಹತ್ತುತ್ತೀರಿ' ಎಂಬ ಪ್ರಶ್ನೆ: ಶಿರಾ ಗೇಟ್, ಬಟವಾಡಿ, ಕ್ಯಾತ್ಸಂದ್ರ, ಗುಬ್ಬಿ ಗೇಟ್, 'ರೂಮ್ ಮಾಡಿಕೊಳ್ಳುತ್ತೇನೆ'. ಪಾವಗಡದವರು ದಿನಾ ಓಡಾಡಲಾಗದು ಎಂಬುದು ಸೇರಿದ ಎರಡನೇ ವಾರ ಗೊತ್ತಾಗುವುದಕ್ಕಿಂತ ಇಲ್ಲೇ ಗೊತ್ತಾಗುವುದು ಇಬ್ಬರಿಗೂ ಒಳ್ಳೆಯದು.

ಓದಿನ ಪ್ರಶ್ನೆಗೆ ಕವಲು ಇಟ್ಟೆವು. ಐಟಿಐ ಎಂದರೆ ಟ್ರೇಡು, ಪಾಸಾದ ವರ್ಷ ಕೇಳುವ ಭಾಗಕ್ಕೆ ಹೋಗುತ್ತದೆ, ಎಸ್‌ಎಸ್‌ಎಲ್‌ಸಿ ಎಂದರೆ ಅದನ್ನು ದಾಟಿ ಮುಂದಕ್ಕೆ. ಈ ಕವಲು ಒಂದೇ ಉತ್ತರ ಆರಿಸುವ ಪ್ರಶ್ನೆಗೆ, ಡ್ರಾಪ್‌ಡೌನ್‌ಗೆ ಮಾತ್ರ ಸಿಗುತ್ತದೆ, ಹಲವು ಉತ್ತರದ ಚೆಕ್‌ಬಾಕ್ಸ್‌ಗೆ ಸಿಗುವುದಿಲ್ಲ. ಅನುಭವವನ್ನು ತಿಂಗಳ ಲೆಕ್ಕದಲ್ಲಿ ಕೇಳಿ. ಇನ್ನು ಯುಎಎನ್ ಇದೆಯೇ ಎಂದು ಕೇಳಿದರೆ ಗುತ್ತಿಗೆ ಮೇಲೆ ದುಡಿದವರಲ್ಲಿ ಬಹಳ ಜನ ಇಲ್ಲ ಎನ್ನುತ್ತಾರೆ, ಸುಳ್ಳು ಹೇಳುತ್ತಿಲ್ಲ, ಆ ಹೆಸರು ಗೊತ್ತಿಲ್ಲ ಅಷ್ಟೇ. 'ಹಿಂದೆ ಎಲ್ಲಾದರೂ ಸಂಬಳದಲ್ಲಿ ಪಿಎಫ್ ಹಿಡಿದಿದ್ದರೇ' ಎಂದು ಕೇಳಿ. ಹಳೇ ನಂಬರ್ ಇದ್ದವನಿಗೆ ಹೊಸದು ಮಾಡಿದರೆ ಆಮೇಲೆ ಎರಡನ್ನೂ ಒಂದು ಮಾಡಿಸುವ ಓಡಾಟ ಎಚ್‌ಆರ್ ತಲೆಗೇ ಬರುತ್ತದೆ.

ಕೊನೆಯ ಪ್ರಶ್ನೆ 'ಎಲ್ಲಿಂದ ತಿಳಿಯಿತು' ಎಂಬುದು. ಇದನ್ನು ಅಭ್ಯರ್ಥಿ ತುಂಬುವುದಿಲ್ಲ, ನಾವೇ ತುಂಬಿ ಕಳಿಸುತ್ತೇವೆ. ಫಾರ್ಮ್ಸ್‌ನಲ್ಲಿ ಮೊದಲೇ ಉತ್ತರ ತುಂಬಿದ ಲಿಂಕ್ ಮಾಡುವ ಸೌಲಭ್ಯವಿದೆ. ಗೇಟಿಗೆ ಒಂದು, ಐಟಿಐ ಕಾಲೇಜುಗಳ ವಾಟ್ಸಾಪ್ ಗುಂಪಿಗೆ ಒಂದು, ನಮ್ಮ ಕೆಲಸಗಾರರು ಪರಿಚಯದವರಿಗೆ ಕಳಿಸಲು ಒಂದು, ಹೀಗೆ ಬೇರೆ ಬೇರೆ ಲಿಂಕ್, ಬೇರೆ ಬೇರೆ ಕ್ಯೂಆರ್.

ಕ್ಯೂಆರ್ ಮಾಡುವಾಗ ಲಿಂಕ್ ನೇರವಾಗಿ ಅದರೊಳಗೇ ಇರುವಂಥದ್ದು ಮಾಡಿ. ಕೆಲವು ಉಚಿತ ಜಾಲತಾಣಗಳ 'ಡೈನಾಮಿಕ್' ಕ್ಯೂಆರ್ ಅವರ ಸರ್ವರ್ ಮೂಲಕ ಹೋಗುತ್ತದೆ, ಉಚಿತ ಅವಧಿ ಮುಗಿದ ಮೇಲೆ ಬೋರ್ಡ್ ಹಾಗೇ ಇರುತ್ತದೆ, ಕೋಡ್ ಸತ್ತಿರುತ್ತದೆ. ಅಳತೆಗೆ ಅಂದಾಜು ಲೆಕ್ಕ: ನಿಂತು ನೋಡುವ ದೂರದ ಹತ್ತನೇ ಒಂದು ಭಾಗ. ಎರಡು ಮೀಟರಿಗೆ 20 ಸೆಂ.ಮೀ. ಅಗಲ. ಸುತ್ತ ಬಿಳಿ ಅಂಚು ಬಿಡಿ, ನಡುವೆ ಕಂಪನಿ ಲೋಗೊ ತುರುಕಬೇಡಿ. ಹೊಳೆಯುವ ಲ್ಯಾಮಿನೇಷನ್ ಮಧ್ಯಾಹ್ನದ ಬಿಸಿಲಿಗೆ ಕನ್ನಡಿಯಾಗುತ್ತದೆ, ಮ್ಯಾಟ್ ಹಾಕಿಸಿ ನೆರಳಿಗೆ ತೂಗುಹಾಕಿ.

ಆದರೆ ಬೋರ್ಡ್ ಅಲ್ಲ, ಗಾರ್ಡ್ ಮುಖ್ಯ. "ಬಯೋಡೇಟಾ ಕೊಟ್ಟೋಗಪ್ಪ, ಫೋನ್ ಮಾಡ್ತಾರೆ" ಎಂದು ಆತ ಹೇಳುತ್ತಿರುವವರೆಗೂ ಯಾರೂ ಸ್ಕ್ಯಾನ್ ಮಾಡುವುದಿಲ್ಲ. ಹಾಗಾಗಿ ಆತನ ಕೈಗೆ ಚೀಟಿ ಕೊಟ್ಟೆವು. ಒಂದು ಎ4 ಹಾಳೆಯಲ್ಲಿ ಎಂಟು, ಪ್ರತಿಯೊಂದರಲ್ಲೂ ಕ್ಯೂಆರ್, ಕೆಳಗೆ ಮೂರು ಸಾಲು: ಇದರಲ್ಲಿ ಅರ್ಜಿ ಹಾಕಿ, ಯಾರಿಗೂ ಹಣ ಕೊಡಬೇಡಿ, ಕೊನೆಗೆ 'ಸಲ್ಲಿಸಿ' ಒತ್ತಿದ ಮೇಲೆ ಬರುವ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬರಿಗೈಯಲ್ಲಿ ಕಳಿಸಿದರು ಅನ್ನಿಸಬಾರದು, ಬಂದವರಿಗೆ ಕಾಗದವೊಂದು ಸಿಗಬೇಕು. ಫೋನ್ ಇಲ್ಲದವರ ಅರ್ಜಿ ಇಂದಿಗೂ ಕಾಗದದಲ್ಲಿ ಪಡೆಯುತ್ತೇವೆ, ಆದರೆ ಅದೇ ದಿನ ಸಂಜೆಯೊಳಗೆ ಆಫೀಸಿನವರು ಅದೇ ಫಾರ್ಮಿಗೆ 'ಕಾಗದ' ಎಂಬ ಲಿಂಕಿನಿಂದ ಏರಿಸಬೇಕು. ಎರಡು ಕಡೆ ಪಟ್ಟಿ ಇಟ್ಟರೆ ಎರಡೂ ಹಾಳು.

ಒಬ್ಬರೇ ಎರಡು ಸಲ ಹಾಕಿದ್ದನ್ನು ಮೊಬೈಲ್ ನಂಬರ್ ಒಂದರಿಂದಲೇ ಹಿಡಿಯಬೇಡಿ. ಅಕ್ಕತಂಗಿಯರು ಒಂದೇ ನಂಬರ್ ಕೊಟ್ಟಿರುತ್ತಾರೆ. ಸೈಬರ್ ಸೆಂಟರಿನವರು ತಮ್ಮದೇ ನಂಬರ್ ಹಾಕಿ ಹತ್ತು ಜನರದ್ದು ಕಳಿಸಿರುತ್ತಾರೆ, ಅಲ್ಲಿ ಎರಡನೇ ನಂಬರ್ ಕಾಪಾಡುತ್ತದೆ. ಮೊಬೈಲ್, ಹುಟ್ಟಿದ ದಿನ ಎರಡೂ ಕೂಡಿಸಿ, ಅವು ಎಷ್ಟು ಸಲ ಬಂದಿವೆ ಎಂದು ಎಣಿಸುವ ಸೂತ್ರ ಕೌಂಟ್‌ಇಫ್ಸ್ ಹಾಕಿದರೆ ಸರಿಯಾಗಿ ಸಿಗುತ್ತದೆ. ಉತ್ತರ ಬಂದು ಬೀಳುವ ಶೀಟನ್ನು ಮುಟ್ಟದೆ, ಇನ್ನೊಂದು ಶೀಟಿಗೆ ಕ್ವೆರಿ ಎಂಬ ಸೂತ್ರದಿಂದ ತಂದು ನೋಡಿ. ಆದರೆ ಆ ಎರಡನೇ ಶೀಟಿನ ಪಕ್ಕದ ಕಾಲಮ್ಮಿನಲ್ಲಿ ಷರಾ ಬರೆಯಬೇಡಿ. ಕ್ವೆರಿಯ ಸಾಲು ಜರುಗಿದರೆ ಷರಾ ಜರುಗುವುದಿಲ್ಲ, ಒಬ್ಬನಿಗೆ ಬರೆದ 'ಬೇಡ' ಇನ್ನೊಬ್ಬನ ಮುಂದೆ ಕೂರುತ್ತದೆ.

ಕರೆಯುವುದಕ್ಕೆ ಇಮೇಲ್ ನೆಚ್ಚಬೇಡಿ. ಎಸ್‌ಎಂಎಸ್‌ಗೆ ಡಿಎಲ್‌ಟಿ (ಸಂಸ್ಥೆಗಳು ಸಂದೇಶ ಕಳಿಸಲು ಟೆಲಿಕಾಂ ಕಂಪನಿಗಳ ಬಳಿ ಮಾಡಿಸುವ) ನೋಂದಣಿ ಬೇಕು, ಹೆಡರ್ (ಕಳಿಸಿದವರ ಹೆಸರಾಗಿ ಕಾಣುವುದು), ಒಕ್ಕಣೆ ಎರಡೂ ಮೊದಲೇ ಒಪ್ಪಿಗೆ ಪಡೆದಿರಬೇಕು. ಕನ್ನಡದ ಒಂದು ಸಂದೇಶಕ್ಕೆ 70 ಅಕ್ಷರ ಮಾತ್ರ, ಇಂಗ್ಲಿಷಿನಂತೆ 160 ಅಲ್ಲ. ಅದರಲ್ಲೂ ಗುಣಿತ, ಒತ್ತು, ಸೊನ್ನೆ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ, 'ಗ್ಗೆ' ಒಂದಕ್ಕೇ ನಾಲ್ಕು. "ಸಂದರ್ಶನ: 12ರ ಸೋಮವಾರ ಬೆಳಗ್ಗೆ 9:30, ಗೇಟ್ 2. ಅಸಲು ಅಂಕಪಟ್ಟಿ ತನ್ನಿ." ಇಷ್ಟಕ್ಕೆ 62 ಆಯಿತು, ಕಂಪನಿ ಹೆಸರಿಗೆ ಉಳಿದದ್ದು ಎಂಟು. ದಾಟಿದರೆ ಎರಡು ಸಂದೇಶದ ದುಡ್ಡು.

ಎರಡನೇ ಫಾರ್ಮಿನಲ್ಲಿ ಬ್ಯಾಂಕ್ ಖಾತೆ, ಯುಎಎನ್, ಹಳೇ ಇಎಸ್‌ಐ ನಂಬರ್ ಬರುತ್ತವೆ. ಸಿಎಸ್‌ವಿ (ಶೀಟಿನ ಮಾಹಿತಿ ಬರೀ ಅಕ್ಷರವಾಗಿ ಇರುವ ಫೈಲ್) ಇಳಿಸಿಕೊಂಡು ಎಕ್ಸೆಲ್‌ನಲ್ಲಿ ಹಾಗೇ ತೆರೆದರೆ 12 ಅಂಕೆಯ ಯುಎಎನ್ 'ಇ+11' ಎಂಬ ಬಾಲ ಹೊತ್ತುಕೊಳ್ಳುತ್ತದೆ. ಅದನ್ನು ಸರಿಪಡಿಸಬಹುದು. 16 ಅಂಕೆಯ ಖಾತೆ ನಂಬರ್ ಆದರೆ 15ರ ಮೇಲಿನ ಅಂಕೆ ಸೊನ್ನೆಯಾಗಿಬಿಡುತ್ತದೆ, ಸೇವ್ ಮಾಡಿದರೆ ಮತ್ತೆ ಸಿಗುವುದಿಲ್ಲ, ಸಂಬಳ ವಾಪಸ್ ಬಂದಾಗಲೇ ಗೊತ್ತಾಗುವುದು. ಡೇಟಾ ಮೆನುವಿನಿಂದ ತರಿಸಿ, ಆ ಕಾಲಮ್ಮುಗಳನ್ನು ಟೆಕ್ಸ್ಟ್ ಎಂದು ಆರಿಸಿ. ಆಧಾರ್ ಪ್ರತಿ ಕೇಳುವುದಾದರೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ ಮಾಡಿದ್ದು ಸಾಕು, ಪೂರ್ತಿ ನಂಬರನ್ನು ಸೇರುವ ದಿನ ಪಿಎಫ್ ಕೆಲಸಕ್ಕೆ ಎದುರಿಗೇ ಪಡೆಯಿರಿ.

ಹಳೇ ಕಟ್ಟುಗಳನ್ನು ಗುಜರಿಗೆ ಹಾಕಬೇಡಿ. ಆಧಾರ್ ಜೆರಾಕ್ಸ್ ಕಡಲೆಕಾಯಿ ಪೊಟ್ಟಣವಾಗಿ ಬಸ್ ಸ್ಟ್ಯಾಂಡಿಗೆ ಬರುತ್ತದೆ. ಚೂರು ಮಾಡುವ ಯಂತ್ರಕ್ಕೇ ಕೊಡಬೇಕು, ಪಿನ್ನು ತೆಗೆಯುವುದೇ ದೊಡ್ಡ ಕೆಲಸ. ಆನ್‌ಲೈನ್‌ನಲ್ಲೂ ಅದೇ ಶಿಸ್ತು ಬೇಕು, 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯೂ ಬಂದಿದೆ. ಏತಕ್ಕೆ ಕೇಳುತ್ತಿದ್ದೇವೆ, ಎಷ್ಟು ದಿನ ಇಟ್ಟುಕೊಳ್ಳುತ್ತೇವೆ ಎಂದು ಫಾರ್ಮಿನ ಮೇಲ್ಭಾಗದಲ್ಲೇ ಬರೆದಿದ್ದೇವೆ. ಆಯ್ಕೆಯಾಗದವರದ್ದನ್ನು ಆರು ತಿಂಗಳಿಗೆ ಅಳಿಸುತ್ತೇವೆ. ಶೀಟಿನ ಸಾಲು ಅಳಿಸಿದರೆ ಫಾರ್ಮಿನೊಳಗಿನ ಉತ್ತರ ಹೋಗುವುದಿಲ್ಲ, ಫಾರ್ಮಿನಲ್ಲಿ ಅಳಿಸಿದರೆ ಡ್ರೈವ್‌ನಲ್ಲಿರುವ ಫೈಲ್ ಹೋಗುವುದಿಲ್ಲ. ಮೂರೂ ಕಡೆ ಕೈಯಾಡಿಸಬೇಕು, ಡ್ರೈವ್‌ನ ಕಸದ ಬುಟ್ಟಿಯಲ್ಲಿ ಅದು ಇನ್ನೂ 30 ದಿನ ಕೂತಿರುತ್ತದೆ.