ನೆಗ್ಗಿಲು ಕಷಾಯ: ಒಲೆ ಹಚ್ಚುವ ಮೊದಲು ನೀರು ನೋಡಿ

ಅರವತ್ತರ ಆಸುಪಾಸಿನ ಗಂಡಸರು ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳತೊಡಗಿದರೆ ತುಮಕೂರು, ಕೋಲಾರದ ಕಡೆ ಮೊದಲು ಬರುವ ಸಲಹೆ ನೆಗ್ಗಿಲು ಕಷಾಯ. ಅದಕ್ಕೂ ಮೊದಲು ಮೂತ್ರ ಪರೀಕ್ಷೆ, ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ), ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ), ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ಮೂತ್ರಕೋಶದ ಕೆಳಗಿರುವ ಈ ಪ್ರಾಸ್ಟೇಟ್ ಬರೀ ಊದಿದೆಯೋ, ಕ್ಯಾನ್ಸರೋ ಎಂಬುದು ಲಕ್ಷಣದಿಂದ ತಿಳಿಯುವುದಿಲ್ಲ. ಮೂತ್ರಪಿಂಡದ ತೊಂದರೆ ಇದ್ದವರು ನೆಗ್ಗಿಲು ಮುಟ್ಟಬೇಡಿ. ಅದರ ಸಾರ ಸೇವಿಸಿದವರಲ್ಲಿ ಮೂತ್ರಪಿಂಡ ಕೆಟ್ಟ ಪ್ರಕರಣಗಳು ವರದಿಯಾಗಿವೆ.

ಕಾಯಿ: ಐದು ಹೋಳಾಗಿ ಒಡೆಯುವ, ಹೋಳಿಗೆ ಎರಡು ದೊಡ್ಡ ಎರಡು ಚಿಕ್ಕ ಮುಳ್ಳಿರುವುದು ಸಣ್ಣ ನೆಗ್ಗಿಲು. ನಾಲ್ಕು ಮೂಲೆಗೆ ಒಂದೊಂದು ಮುಳ್ಳಿದ್ದರೆ ಅದು ಆನೆ ನೆಗ್ಗಿಲು, ಬೇರೆಯೇ ಗಿಡ. ಗ್ರಂಧಿಗೆ ಅಂಗಡಿಯಲ್ಲಿ ಇಡೀ ಕಾಯಿಯನ್ನೇ ಕೇಳಿ; ಪುಡಿಯಲ್ಲಿ ಏನು ಬೆರೆತಿದೆಯೆಂದು ಯಾರಿಗೂ ಗೊತ್ತಾಗದು.

ಹೆಚ್ಚಿನವರು ತಪ್ಪುವುದು ನೀರಿನಲ್ಲಿ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಹೆಚ್ಚು. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಆಗುವುದಿಲ್ಲ. ನಾಲ್ಕು ಲೋಟ ಒಂದಕ್ಕೆ ಇಳಿದಾಗ ನಾಲ್ಕು ಲೋಟದ ಫ್ಲೋರೈಡ್ ಬಹುಪಾಲು ಆ ಒಂದೇ ಲೋಟದಲ್ಲಿರುತ್ತದೆ. ಆದ್ದರಿಂದ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಬಳಸಿ.

20 ಗ್ರಾಂ ಕಾಯಿಯನ್ನು ತರಿತರಿಯಾಗಿ ಕುಟ್ಟಿ. ನುಣ್ಣಗಾದರೆ ತಳ ಹಿಡಿದು ಸೀಯುತ್ತದೆ. ಸ್ಟೀಲ್ ಪಾತ್ರೆಗೆ ಮೊದಲು 80 ಮಿ.ಲೀ. ನೀರು ಹಾಕಿ, ಕಡ್ಡಿ ಅದ್ದಿ, ಒದ್ದೆಯಾದಲ್ಲಿ ಗುರುತು ಮಾಡಿ. ಆಮೇಲೆ ಒಟ್ಟು 320 ಮಿ.ಲೀ. ಆಗುವಷ್ಟು ನೀರು ತುಂಬಿಸಿ, ಪುಡಿ ಹಾಕಿ, ಮುಚ್ಚಳವಿಲ್ಲದೆ ಸಣ್ಣ ಉರಿಯಲ್ಲಿ ಕುದಿಸಿ. ಕಡ್ಡಿಯ ಗುರುತಿಗೆ ಇಳಿದಾಗ ನಿಲ್ಲಿಸಿ. ಕಣ್ಣಂದಾಜಿಗೆ ಬಿಟ್ಟರೆ ಒಂದು ದಿನ ನೀರು, ಮರುದಿನ ಡಿಕಾಕ್ಷನ್. ಮುಳ್ಳಿನ ಚೂರು ಗಂಟಲಿಗೆ ಹೋಗದಂತೆ ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ. ಅರ್ಧ ಬೆಳಿಗ್ಗೆ, ಅರ್ಧ ಮಧ್ಯಾಹ್ನ. ಸಂಜೆಯ ಮೇಲೆ ಬೇಡ. ಮೂತ್ರ ಹೆಚ್ಚಿಸುವ ಕಷಾಯವನ್ನು ಮಲಗುವಾಗ ಕುಡಿದು ನಿದ್ದೆ ಕೆಟ್ಟಿತೆನ್ನುವವರು ಬಹಳ. ಬಿಪಿ, ಸಕ್ಕರೆ ಮಾತ್ರೆ ನುಂಗುವವರು ವೈದ್ಯರಿಗೆ ಹೇಳಿಯೇ ಶುರುಮಾಡಬೇಕು.

ಪುರಾವೆ? ನೆಗ್ಗಿಲಿನ ಮೇಲೆ ನಡೆದಿರುವುದು ಸಣ್ಣ ಪ್ರಯೋಗಗಳು, ಭರವಸೆ ಕೊಡುವಷ್ಟಿಲ್ಲ. ಸಿಹಿಗುಂಬಳದ ಬೀಜಕ್ಕೆ ಸ್ವಲ್ಪ ಮೇಲು: 2015ರಲ್ಲಿ ಪ್ರಕಟವಾದ, 1,431 ಜನರ ಜರ್ಮನ್ ಪ್ರಯೋಗದಲ್ಲಿ ದಿನಕ್ಕೆರಡು ಸಲ 5 ಗ್ರಾಂ ಬೀಜ ತಿಂದವರಲ್ಲಿ 58.5% ಜನರಿಗೆ ವರ್ಷದಲ್ಲಿ ಆರಾಮ ಸಿಕ್ಕಿತು. ಹೋಲಿಕೆಗೆಂದು ಕೊಡುವ, ಔಷಧವೇ ಇಲ್ಲದ ಸುಳ್ಳು ಮದ್ದು ತಿಂದವರಲ್ಲಿ 47.3%. ಅದೇ ಬೀಜದ ಸಾರದ ಕ್ಯಾಪ್ಸೂಲ್‌ನಿಂದ ಹೇಳಿಕೊಳ್ಳುವ ಲಾಭವಾಗಲಿಲ್ಲ. ಹಾಗಾಗಿ ಬೀಜವನ್ನೇ ಸುಲಿದು ತಿನ್ನಿ, ಉಪ್ಪು ಹುರಿದದ್ದು ಬೇಡ.

ಸಾ ಪಾಮೆಟ್ಟೊ ಎಂಬ ತಾಳೆ ಜಾತಿಯ ಗಿಡದ ಹಣ್ಣಿನ ಸಾರದ ದುಬಾರಿ ಕ್ಯಾಪ್ಸೂಲ್‌ಗಳಿಗೆ ದುಡ್ಡು ಸುರಿಯಬೇಡಿ. 2006ರಲ್ಲಿ 225 ಜನರ ಮೇಲೆ, 2011ರಲ್ಲಿ ಮೂರು ಪಟ್ಟು ಪ್ರಮಾಣದವರೆಗೆ 369 ಜನರ ಮೇಲೆ ಉತ್ತರ ಅಮೆರಿಕದಲ್ಲಿ ಪರೀಕ್ಷಿಸಿದಾಗ ಅದು ಸುಳ್ಳು ಮದ್ದಿಗಿಂತ ಮೇಲಾಗಲಿಲ್ಲ.

ಲಾಭವಾಯಿತೇ ಎಂದು ಅಳೆಯಲು ಐಪಿಎಸ್‌ಎಸ್ ಎಂಬ ಏಳು ಪ್ರಶ್ನೆಗಳ ಪಟ್ಟಿ ವೈದ್ಯರಲ್ಲಿ ಸಿಗುತ್ತದೆ. ಒಟ್ಟು ಅಂಕ 35. ಶುರುವಿನಲ್ಲೊಮ್ಮೆ, ಎರಡು ತಿಂಗಳಿಗೊಮ್ಮೆ ತುಂಬಿ. ಅಂಕ 20 ದಾಟಿದ್ದರೆ ಕಷಾಯದಲ್ಲಿ ಕಾಲ ಕಳೆಯಬೇಡಿ. ನೆಗಡಿಯ ಮಾತ್ರೆಗಳಿಂದಲೂ ಪ್ರಾಸ್ಟೇಟ್ ಊದಿದವರಿಗೆ ಮೂತ್ರ ಕಟ್ಟಬಹುದು. ಮೂತ್ರದಲ್ಲಿ ರಕ್ತ, ಚಳಿಜ್ವರ, ಪೂರ್ತಿ ಮೂತ್ರ ಕಟ್ಟುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಮೂತ್ರ ಕಟ್ಟಿದ್ದರೆ ಬೆಳಗಾಗುವವರೆಗೂ ಕಾಯದೆ ನಳಿಕೆ ಹಾಕಿಸಬೇಕು.