ಪುಣೆಯಲ್ಲಿ ಸಾಫ್ಟ್‌ವೇರ್ ಮಾರುವ ಕೆಲಸ: ಸೇರುವ ಮೊದಲು, ಸೇರಿದ ಮೇಲೆ

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಬರುವ ಹುಡುಗರು ಐಟಿ ಅಂದರೆ ಕೋಡಿಂಗ್ ಅಂತಲೇ ತಿಳಿದಿರುತ್ತಾರೆ. ಹಿಂಜವಡಿ, ಖರಾಡಿ, ಬಾಣೇರಿನ ಅದೇ ಕಟ್ಟಡಗಳಲ್ಲಿ ಒಂದು ಸಾಲು ಕೋಡೂ ಬರೆಯದೆ ಸಾಫ್ಟ್‌ವೇರ್ ಮಾರುವವರೂ ಕೂತಿರುತ್ತಾರೆ. ಬಿಕಾಂ ಆದವರಿಗೂ ಇಲ್ಲಿ ಜಾಗ ಸಿಗುತ್ತದೆ. ಚಾಕಣ, ಭೋಸರಿಯ ಕಾರ್ಖಾನೆಗಳಿಗೆ ಇಆರ್‌ಪಿ (ಸ್ಟಾಕ್, ಉತ್ಪಾದನೆ, ಲೆಕ್ಕಪತ್ರ ಎಲ್ಲವನ್ನೂ ಒಟ್ಟಿಗೆ ನೋಡುವ ಸಾಫ್ಟ್‌ವೇರ್) ಮಾರುವುದಾದರೆ ಮೆಕ್ಯಾನಿಕಲ್ ಡಿಪ್ಲೊಮಾದವರದೇ ಒಂದು ಕೈ ಮೇಲು: ಜಾಬ್‌ವರ್ಕ್ ಚಲನ್ (ಹೊರಗೆ ಕೆಲಸಕ್ಕೆ ಕಳಿಸುವ ಮಾಲಿನ ಚೀಟಿ), ರಿಜೆಕ್ಷನ್ (ತಿರಸ್ಕೃತ ಮಾಲು) ಅಂದರೆ ಏನೆಂದು ಅವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೊಸಬರಿಗೆ ಸಾಮಾನ್ಯವಾಗಿ ಸಿಗುವುದು ಎಸ್‌ಡಿಆರ್ (ಸೇಲ್ಸ್ ಡೆವಲಪ್‌ಮೆಂಟ್ ರೆಪ್ರೆಸೆಂಟೇಟಿವ್) ಕುರ್ಚಿ. ಫೋನ್, ಮೇಲ್, ಲಿಂಕ್ಡ್‌ಇನ್ ಮೂಲಕ ಗಿರಾಕಿ ಹುಡುಕಿ ಮೀಟಿಂಗ್ ಕೂಡಿಸಿಕೊಡುವುದು ಇದರ ಕೆಲಸ. ಡೆಮೊದಿಂದ ಆರ್ಡರ್‌ವರೆಗಿನದ್ದು ಅಕೌಂಟ್ ಎಕ್ಸಿಕ್ಯೂಟಿವ್‌ದು, ತಾಂತ್ರಿಕ ಪ್ರಶ್ನೆಗಳು ಪ್ರೀಸೇಲ್ಸ್‌ನವರದು. ಯಾವ ದೇಶದ ಮಾರುಕಟ್ಟೆ ಎಂದು ಮೊದಲೇ ಕೇಳಿಕೊಳ್ಳಿ. ನ್ಯೂಯಾರ್ಕಿನ ಬೆಳಗಿನ 9 ಗಂಟೆ ಅಂದರೆ ನಮಗೆ ಸಂಜೆ 6:30. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ 2ನೇ ಭಾನುವಾರದವರೆಗೆ 7:30. ರಾತ್ರಿ ಕ್ಯಾಬ್ ಮನೆ ಬಾಗಿಲವರೆಗೆ ಬರುತ್ತದೋ, ಮುಖ್ಯರಸ್ತೆಯಲ್ಲೇ ಇಳಿಸುತ್ತದೋ ಅದನ್ನೂ ಕೇಳಿ.

ಇಂಟರ್‌ವ್ಯೂಗೆ ಸರ್ಟಿಫಿಕೇಟು ಗುಡ್ಡೆ ಹಾಕಬೇಡಿ. ಹಬ್‌ಸ್ಪಾಟ್ ಅಥವಾ ಜೋಹೊ ಸಿಆರ್‌ಎಂನ (ಗಿರಾಕಿಗಳ ದಾಖಲೆ ಇಡುವ ಸಾಫ್ಟ್‌ವೇರ್) ಉಚಿತ ಖಾತೆ ತೆರೆದು, ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ 25 ಕಂಪನಿಗಳನ್ನು ಅದರಲ್ಲಿ ತುಂಬಿಸಿ. ಏನು ತಯಾರಿಸುತ್ತಾರೆ, ಸಾಫ್ಟ್‌ವೇರ್ ಬಳಸುವವರು ಯಾರು, ಹಣಕ್ಕೆ ಸಹಿ ಹಾಕುವವರು ಯಾರು ಎಂದು ಒಂದೊಂದಕ್ಕೂ ಬರೆಯಿರಿ. ಆ ಪರದೆ ತೆರೆದು ತೋರಿಸಿದರೆ ಅರ್ಧ ಇಂಟರ್‌ವ್ಯೂ ಅಲ್ಲೇ ಮುಗಿಯುತ್ತದೆ.

ಹೊಸಬರು ಎಡವುವುದು ಹೆಚ್ಚಾಗಿ ಒಂದೇ ಕಡೆ: 'ಕೊಟೇಶನ್ ಕಳಿಸಿ' ಅಂದ ಕೂಡಲೇ ಖುಷಿಪಟ್ಟು ಕಳಿಸಿಬಿಡುವುದು. ಮರಾಠಿಯ 'ಬಘತೋ, ಸಾಂಗತೋ' ನಮ್ಮ 'ನೋಡೋಣ ತಗೋರಿ' ಇದ್ದ ಹಾಗೆ, ಫೋನ್ ಇಡಲು ಒಂದು ಮರ್ಯಾದೆಯ ದಾರಿ. ಕಳಿಸುವ ಮೊದಲು ನಾಲ್ಕು ಮಾತು ಕೇಳಿ: 'ಈಗ ಸ್ಟಾಕ್ ಲೆಕ್ಕ ಯಾವುದರಲ್ಲಿ ಇಡ್ತೀರಿ? ಅದರಲ್ಲಿ ಏನು ತೊಂದರೆ? ಇದಕ್ಕೆ ಈ ವರ್ಷ ದುಡ್ಡು ತೆಗೆದಿಟ್ಟಿದೀರಾ? ನಿಮ್ಮ ನಂತರ ಇದನ್ನು ನೋಡೋರು ಯಾರು?' ನಾಲ್ಕನೆಯದಕ್ಕೆ ಹೆಸರು ಸಿಗದಿದ್ದರೆ ಅದಿನ್ನೂ ವಿಚಾರಣೆಯಷ್ಟೇ, ಅವಕಾಶವಲ್ಲ; ಸಿಆರ್‌ಎಂನಲ್ಲೂ ಹಾಗೆಯೇ ಬರೆಯಿರಿ. ಮ್ಯಾನೇಜರ್ ಖುಷಿಗೆಂದು ಅದನ್ನು ಮೇಲಿನ ಹಂತಕ್ಕೆ ದಬ್ಬಿದರೆ ತಿಂಗಳ ಕೊನೆಗೆ ಉತ್ತರ ಕೊಡಬೇಕಾದವರು ನೀವೇ.

ಕೊಟೇಶನ್‌ನಲ್ಲಿ 18% ಜಿಎಸ್‌ಟಿಯನ್ನು ಬೇರೆ ಸಾಲಿನಲ್ಲಿ ತೋರಿಸಿ. ಕಾರ್ಖಾನೆಯವರು ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ತೆಗೆದುಕೊಳ್ಳುತ್ತಾರೆ, ಅಂದರೆ ತಾವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುತ್ತಾರೆ, ತಲೆ ಕೆಡಿಸಿಕೊಳ್ಳುವುದಿಲ್ಲ. ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇರುವ ಆಸ್ಪತ್ರೆಗೆ ಆ ಕ್ರೆಡಿಟ್ ಸಿಗದು. 5 ಲಕ್ಷ ಅಂದುಕೊಂಡವರಿಗೆ ಬಿಲ್ಲು 5.9 ಲಕ್ಷ ಬಂದರೆ ಮಾತು ಅಲ್ಲಿಗೇ ಮುರಿಯುತ್ತದೆ.

ಟಾರ್ಗೆಟ್ಟನ್ನು ಹಿಂದಿನಿಂದ ಲೆಕ್ಕ ಹಾಕಿ. ತ್ರೈಮಾಸಿಕಕ್ಕೆ 20 ಲಕ್ಷ, ಒಂದು ಆರ್ಡರ್ ಸರಾಸರಿ 4 ಲಕ್ಷ ಎಂದರೆ 5 ಆರ್ಡರ್ ಬೇಕು. ನಾಲ್ಕರಲ್ಲಿ ಒಂದು ಕುದುರುತ್ತದೆ ಎಂದಾದರೆ 20 ನಿಜವಾದ ಅವಕಾಶಗಳು. ಒಪ್ಪಂದ ಮುಗಿಯಲು 90 ದಿನ ಹಿಡಿಯುವ ಸರಕಾದರೆ ಆ 20 ಮೊದಲ ದಿನವೇ ಕೈಯಲ್ಲಿರಬೇಕು. ಎರಡನೇ ತಿಂಗಳಲ್ಲಿ ಹುಡುಕಿದ್ದು ಮುಂದಿನ ತ್ರೈಮಾಸಿಕದ ಪಾಲಿಗೆ.

ಎಲ್ಲಕ್ಕಿಂತ ನಿಧಾನವಾಗಿ ಓದಬೇಕಾದದ್ದು ಆಫರ್ ಲೆಟರ್. ಉದಾಹರಣೆಗೆ ಒಟ್ಟು 10 ಲಕ್ಷ, 70:30 ಅಂದರೆ ಖಚಿತವಾಗಿ ಬರುವುದು 7 ಲಕ್ಷ. ಉಳಿದ 3 ಲಕ್ಷ ವೇರಿಯಬಲ್ (ಮಾರಾಟ ನೋಡಿ ಕೊಡುವ ಭಾಗ), ತ್ರೈಮಾಸಿಕಕ್ಕೆ 75,000. ಮನೆ ಬಾಡಿಗೆ, ಕಂತುಗಳನ್ನು 7 ಲಕ್ಷದ ಮೇಲೇ ಲೆಕ್ಕ ಹಾಕಿಕೊಳ್ಳಿ. ಇನ್ನು ಷರತ್ತುಗಳು. ಟಾರ್ಗೆಟ್‌ನ 70% ಮುಟ್ಟದಿದ್ದರೆ ಏನೂ ಇಲ್ಲ ಎಂದಿದ್ದರೆ, 20 ಲಕ್ಷದ ಟಾರ್ಗೆಟ್‌ಗೆ 13 ಲಕ್ಷ ಮಾರಿದವರಿಗೆ ಸೊನ್ನೆ. ವೇರಿಯಬಲ್ ಸಿಗುವುದು ಆರ್ಡರ್ ಬಂದಾಗಲೋ, ಗಿರಾಕಿಯ ಹಣ ಬಂದಾಗಲೋ? ಎರಡನೆಯದಾದರೆ ಮಾರ್ಚ್ ಆರ್ಡರಿನ ದುಡ್ಡು ಜುಲೈಗೆ ಜಾರಬಹುದು. ಗಿರಾಕಿ ಮಧ್ಯದಲ್ಲಿ ಬಿಟ್ಟರೆ ಕೊಟ್ಟದ್ದನ್ನು ವಾಪಸ್ ಹಿಡಿಯುತ್ತಾರಾ? ಮೊದಲ 3 ತಿಂಗಳು ಟಾರ್ಗೆಟ್ ಕಡಿಮೆಯಾ? ಉತ್ತರಗಳನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ, ಫೋನಿನಲ್ಲಿ ಎಚ್‌ಆರ್ ಹೇಳಿದ್ದು ಲೆಕ್ಕಕ್ಕಿಲ್ಲ.

ಮಾರಲು ನಿಮಗೆ ಕೊಡುವ ಪ್ರದೇಶದ ಬಗ್ಗೆಯೂ ಬಾಯಿ ಬಿಡಿ. ಕೊಲ್ಹಾಪುರ, ಬೆಳಗಾವಿಯ ಫೌಂಡ್ರಿಗಳು, ಹುಬ್ಬಳ್ಳಿ, ಎಲ್ಲವೂ ಒಂದೇ ಹೆದ್ದಾರಿಯ ಮೇಲಿವೆ. ಮರಾಠಿ, ಕನ್ನಡ ಎರಡನ್ನೂ ಆಡುವವರು ಆ ಪ್ರದೇಶವನ್ನು ಕೇಳಿ ತೆಗೆದುಕೊಳ್ಳಬೇಕು. ಕೇಳದಿದ್ದರೆ ಯಾರೂ ಅದನ್ನು ಎತ್ತಿ ಕೊಡುವುದಿಲ್ಲ.

ಕೆಲಸ ಬಿಡುವಾಗಲೂ ಆ ಆಫರ್ ಪತ್ರವನ್ನು ಒಮ್ಮೆ ತೆರೆಯಿರಿ. ವೇರಿಯಬಲ್‌ಗೆ 'ಪಾವತಿಯ ದಿನ ಕೆಲಸದಲ್ಲಿರಬೇಕು' ಎಂಬ ಸಾಲಿದ್ದರೆ ಕೊನೆಯ ದಿನ ಆ ತಾರೀಖು ದಾಟುವಂತೆ ನೋಡಿಕೊಳ್ಳಿ. ನೋಟಿಸ್ ಕೊಟ್ಟವರಿಗೂ ವೇರಿಯಬಲ್ ಇಲ್ಲ ಎಂದಿದ್ದರೆ, ಅದು ಬ್ಯಾಂಕಿಗೆ ಬಿದ್ದ ಮೇಲೆಯೇ ರಾಜೀನಾಮೆಯ ಮೇಲ್ ಕಳಿಸಿ.